ಹಳೆಯ ಮೈಕ್‌ನ ಗದ್ದಲ: ಬಿಚ್ಚುವ ಮೊದಲು ಹುಡುಕುವ ಕ್ರಮ

ಮೇ ಕೊನೆಯ ಪತ್ತನಾಜೆಗೆ ಯಕ್ಷಗಾನ ಮೇಳಗಳು ಗೆಜ್ಜೆ ಬಿಚ್ಚಿದ ಮೇಲೆ ಕರಾವಳಿಯಲ್ಲಿ, ವೇಷ ಕುಣಿತಗಳಿಲ್ಲದೆ ಕುಳಿತು ಹಾಡು ಮಾತುಗಳಲ್ಲೇ ಪ್ರಸಂಗ ನಡೆಸುವ ತಾಳಮದ್ದಳೆಗಳ ಕಾಲ ಶುರುವಾಗುತ್ತದೆ. ಬಯಲಾಟಕ್ಕಿಂತ ತಾಳಮದ್ದಳೆಯ ನೇರ ಧ್ವನಿಮುದ್ರಣವೇ ಹೆಚ್ಚು ನಾಜೂಕಿನ ಕೆಲಸ. ಚೆಂಡೆ ಮದ್ದಳೆಗಳು ನುಡಿಯುತ್ತಿರುವಷ್ಟು ಹೊತ್ತು ಮೈಕ್‌ನ ಯಾವ ದೋಷವೂ ಹೊರಗೆ ಕಾಣಿಸುವುದಿಲ್ಲ; ಆದರೆ ಪಾತ್ರದ ಮಾತಾಡುವ ಅರ್ಥಧಾರಿಯೊಬ್ಬರು ಮಾತನ್ನು ತೂಗಿ ಒಂದು ಕ್ಷಣ ನಿಲ್ಲಿಸಿದಾಗ, ಅದರ ಹಿಂದೆ ಅಡಗಿದ್ದ ಸುಯ್ ಎನ್ನುವ ಸದ್ದು, ಗುಂಯ್‌ಗುಡುವಿಕೆ, ಚಟಪಟ ಎಲ್ಲವೂ ಒಮ್ಮೆಲೇ ಮುಂದೆ ಬಂದು ನಿಲ್ಲುತ್ತವೆ. ಮೇಲಾಗಿ ಅದು ಮಳೆಗಾಲ. ಜುಲೈ ತಿಂಗಳಲ್ಲಿ ಮಂಗಳೂರು, ಉಡುಪಿಯ ಕಡೆ ಗಾಳಿಯ ತೇವಾಂಶ ಶೇ. 85–90ರ ಆಸುಪಾಸಿನಲ್ಲಿರುತ್ತದೆ. ಇಪ್ಪತ್ತು ಮೂವತ್ತು ವರ್ಷ ದುಡಿದ ಮೈಕ್‌ಗೆ ಇದಕ್ಕಿಂತ ಕಠಿಣವಾದ ಪರೀಕ್ಷೆ ಬೇರೊಂದಿಲ್ಲ.

ಇಂಥ ಸಂದರ್ಭದಲ್ಲಿ ಹೆಚ್ಚಿನವರು ಮಾಡುವ ಮೊದಲ ಕೆಲಸವೆಂದರೆ ಸ್ಕ್ರೂಡ್ರೈವರ್ ಹಿಡಿದು ಮೈಕ್ ಬಿಚ್ಚುವುದು. ನನ್ನ ಅಭಿಪ್ರಾಯದಲ್ಲಿ ಅದು ಕೊನೆಯ ಕೆಲಸವಾಗಬೇಕು. ಹಳೆಯ ಮೈಕ್‌ನ ಮೇಲೆ ಹೊರಿಸುವ ದೂರುಗಳಲ್ಲಿ ಬಹಳಷ್ಟು ಕೊನೆಗೆ ಕೇಬಲ್, ಪಿನ್, ಫ್ಯಾಂಟಮ್ ವಿದ್ಯುತ್ತು (ಮಿಕ್ಸರ್ ಅದೇ ಕೇಬಲ್‌ನ ಮೂಲಕ ಮೈಕ್‌ಗೆ ಕಳಿಸುವ ವಿದ್ಯುತ್ತು), ಅರ್ಥಿಂಗ್ ಅಥವಾ ಬರೀ ತೇವದ ಲೆಕ್ಕಕ್ಕೆ ಹೋಗುತ್ತವೆ. ಆದ್ದರಿಂದ ಇಲ್ಲಿ ಹೇಳುವ ಕ್ರಮವು ಹೊರಗಿನಿಂದ ಒಳಕ್ಕೆ ಸಾಗುತ್ತದೆ.

ಸದ್ದನ್ನು ಮೊದಲು ಹಿಡಿದಿಡಿ

ಕಾರ್ಯಕ್ರಮದ ಗಡಿಬಿಡಿಯಲ್ಲಿ ಕೇಳಿದ ಸದ್ದನ್ನು ನೆನಪಿನಿಂದ ವಿಶ್ಲೇಷಿಸಲು ಹೋಗಬಾರದು. ಮನೆಯಲ್ಲಿ ಫ್ಯಾನ್, ಫ್ರಿಜ್ ಎರಡನ್ನೂ ನಿಲ್ಲಿಸಿ, ಮೈಕನ್ನು ದಪ್ಪ ಟವೆಲ್‌ನಲ್ಲಿ ಸುತ್ತಿ, ಬಟ್ಟೆ ತುಂಬಿದ ಕಪಾಟಿನೊಳಗಿಟ್ಟು ಬಾಗಿಲು ಹಾಕಿ. ಸಭೆಯಲ್ಲಿ ಇಡುವಷ್ಟೇ ಗೇನ್ (ಸದ್ದನ್ನು ವರ್ಧಿಸುವ ಮಟ್ಟ) ಇಟ್ಟು, 24 ಬಿಟ್‌ನಲ್ಲಿ ಎರಡು ನಿಮಿಷ ಮುದ್ರಿಸಿ, ಕಿವಿ ಮುಚ್ಚುವಂಥ ಹೆಡ್‌ಫೋನ್‌ನಲ್ಲಿ ಕೇಳಿ. ಸದ್ದು ಯಾವ ಜಾತಿಯದೆಂದು ಗುರುತಿಸುವುದೇ ಅರ್ಧ ಕೆಲಸ. ಏರಿಳಿತವಿಲ್ಲದೆ ಒಂದೇ ಸಮನೆ ಸುಯ್ ಎನ್ನುವುದು ಒಂದು ಬಗೆ. ಅದು ವಿದ್ಯುನ್ಮಂಡಲದ ಸಹಜ ಗದ್ದಲ. ಕೆಳಸ್ಥಾಯಿಯಲ್ಲಿ ಗುಂಯ್ ಎನ್ನುವುದು ನಮ್ಮ 50 ಹರ್ಟ್ಸ್‌ನ ಮನೆಬಳಕೆಯ ಕರೆಂಟಿನದು. ಅದೇ ಸದ್ದು ಕೀರಲಾಗಿ ಜುಂಯ್‌ಗುಟ್ಟಿದರೆ ದೀಪದ ಡಿಮ್ಮರ್ ಅಥವಾ ಕಳಪೆ ಚಾರ್ಜರ್ ಹತ್ತಿರದಲ್ಲಿದೆಯೆಂದು ತಿಳಿಯಬಹುದು. ಎಣ್ಣೆಗೆ ಸಾಸಿವೆ ಬಿದ್ದಂತೆ ಸಿಡಿಯುವ ಚಟಪಟ, ಕಂಡೆನ್ಸರ್ ಮೈಕ್‌ಗಳಲ್ಲಿ (ವಿದ್ಯುತ್ತು ಬೇಕಾಗುವ ನಾಜೂಕಿನ ಬಗೆ) ಬಹುಪಾಲು ತೇವದ ಗುರುತು. ಅಲುಗಾಡಿಸಿದಾಗ ಮಾತ್ರ ಬರುವ ಕರಕರ ಸದ್ದು ಸಡಿಲವಾದ ಸಂಪರ್ಕದ್ದು. ಟಿಟ್ ಟಿಟ್ ಟಿಟ್ ಎಂದು ತುಂಡು ತುಂಡಾಗಿ ಬಂದು ಹೋಗುವುದಾದರೆ ಯಾರದೋ ಜೇಬಿನ ಮೊಬೈಲನ್ನು ದೂರವಿಡಿಸಿ, ಅಷ್ಟೇ.

ಒಂದು ಸಲಕ್ಕೆ ಒಂದನ್ನೇ ಬದಲಿಸಿ

ಈಗ ಅದೇ ಕೇಬಲ್, ಅದೇ ಚಾನೆಲ್, ಅದೇ ಗೇನ್‌ನಲ್ಲಿ ಚೆನ್ನಾಗಿದೆಯೆಂದು ಖಾತ್ರಿಯಿರುವ ಇನ್ನೊಂದು ಮೈಕ್ ಸಿಕ್ಕಿಸಿ. ಸದ್ದು ಉಳಿದರೆ ಹಳೆಯ ಮೈಕ್ ನಿರಪರಾಧಿ. ಸದ್ದು ಹೋದರೆ ಹಳೆಯ ಮೈಕನ್ನೇ ಮತ್ತೆ ಹಾಕಿ ಕೇಬಲ್ ಬದಲಿಸಿ. ಆಮೇಲೆ ಚಾನೆಲ್ ಬದಲಿಸಿ. ಎರಡನ್ನು ಒಟ್ಟಿಗೆ ಬದಲಿಸಿ ಸದ್ದು ನಿಂತರೆ ಯಾವುದರಿಂದ ನಿಂತಿತೆಂಬುದು ತಿಳಿಯದೆ, ಮುಂದಿನ ಕಾರ್ಯಕ್ರಮದಲ್ಲಿ ಅದೇ ದೋಷ ಮತ್ತೆ ಬರುತ್ತದೆ. ಪ್ರತಿಸಲ ಬದಲಿಸುವ ಮೊದಲು ಫೇಡರ್ ಇಳಿಸಿ, ಫ್ಯಾಂಟಮ್ ಆರಿಸಿ, ಅರ್ಧ ನಿಮಿಷವಾದರೂ ಕಾಯಬೇಕು.

ಮಿಕ್ಸರ್‌ನದೋ ಮೈಕ್‌ನದೋ ಎಂಬ ಅನುಮಾನ ತೀರದಿದ್ದರೆ ಒಂದು ಸರಳ ಉಪಕರಣವನ್ನು ಕೈಯಲ್ಲೇ ಮಾಡಿಕೊಳ್ಳಬಹುದು. ಒಂದು ಗಂಡು ಎಕ್ಸ್‌ಎಲ್‌ಆರ್ (ಮೂರು ಪಿನ್‌ನ ಮೈಕ್ ಪ್ಲಗ್) ಪ್ಲಗ್‌ನ 2 ಮತ್ತು 3ನೇ ಪಿನ್‌ಗಳ ನಡುವೆ 150 ಓಮ್‌ನ ರೆಸಿಸ್ಟರ್, ಅಂದರೆ ಕಂದು, ಹಸಿರು, ಕಂದು ಪಟ್ಟಿಯದನ್ನು, ಬೆಸುಗೆ ಹಾಕಿ ಮುಚ್ಚಿಬಿಡಿ. ಮಿಕ್ಸರ್‌ನ ದೃಷ್ಟಿಯಲ್ಲಿ ಇದು ಏನನ್ನೂ ಕೇಳಿಸಿಕೊಳ್ಳದ ಒಂದು ಮೈಕ್. ಇದನ್ನು ಸಿಕ್ಕಿಸಿ, ಅದೇ ಗೇನ್‌ನಲ್ಲಿ ಅಷ್ಟೇ ಸುಯ್ ಸದ್ದು ಬಂದರೆ ಅದು ಪೂರ್ತಿಯಾಗಿ ಪ್ರೀಆಂಪ್‌ನ, ಅಂದರೆ ಮಿಕ್ಸರ್‌ನೊಳಗಿನ ಮೊದಲ ವರ್ಧಕದ, ಗದ್ದಲ.

ಅಯಸ್ಕಾಂತ ಮತ್ತು ಸುರುಳಿಯಿಂದ ಕೆಲಸ ಮಾಡುವ ಡೈನಮಿಕ್ ಮೈಕ್‌ಗಳ ವಿಷಯದಲ್ಲಿ ಈ ಪರೀಕ್ಷೆ ಬಹುತೇಕ ಯಾವಾಗಲೂ ಪ್ರೀಆಂಪ್‌ನತ್ತಲೇ ಬೆರಳು ತೋರಿಸುತ್ತದೆ. ಶೂರ್ ಎಸ್‌ಎಂ58ನಂಥ ಮೈಕ್ (1966ರಿಂದಲೂ ಅದು ಹೆಚ್ಚುಕಡಿಮೆ ಅದೇ ರೂಪದಲ್ಲಿ ಬರುತ್ತಿದೆ) ಕೊಡುವುದು ಒಂದು ಪಾಸ್ಕಲ್ ಒತ್ತಡಕ್ಕೆ ಎರಡು ಮಿಲಿವೋಲ್ಟ್‌ಗೂ ಕಡಿಮೆ. ಒಳ್ಳೆಯ ಕಂಡೆನ್ಸರ್ ಮೈಕ್ ಹತ್ತರಿಂದ ಇಪ್ಪತ್ತು ಮಿಲಿವೋಲ್ಟ್ ಕೊಡುತ್ತದೆ. ಮೆಲುದನಿಯ ಅರ್ಥಧಾರಿಯಿಂದ ಎರಡಡಿ ದೂರದಲ್ಲಿ ಡೈನಮಿಕ್ ಇಟ್ಟು ಗೇನನ್ನು ಕೊನೆಯವರೆಗೆ ತಿರುಗಿಸಿದರೆ ಸುಯ್ ಎನ್ನದೆ ಇನ್ನೇನಾದೀತು? ಅಲ್ಲಿ ಮದ್ದು ರಿಪೇರಿಯಲ್ಲ, ಮೈಕನ್ನು ಹತ್ತಿರ ತರುವುದು. ದೂರ ಅರ್ಧವಾದರೆ ಮಾತಿನ ಮಟ್ಟ ಸುಮಾರು ಆರು ಡೆಸಿಬೆಲ್ ಏರುತ್ತದೆ, ಗೇನ್ ಅಷ್ಟೇ ಇಳಿಸಬಹುದು.

ಗುಂಯ್‌ಗುಡುವಿಕೆಯ ಬೇರು

ಕೈಯಿಂದ ಮೈಕ್‌ನ ಲೋಹದ ಮೈ ಮುಟ್ಟಿ ನೋಡಿ. ಮುಟ್ಟಿದೊಡನೆ ಗುಂಯ್ ಸದ್ದು ಏರಿದರೆ ಅಥವಾ ಇಳಿದರೆ ಕವಚದ (ಕೇಬಲ್‌ನೊಳಗೆ ತಂತಿಗಳನ್ನು ಸುತ್ತಿದ ಲೋಹದ ಹೆಣಿಗೆಯ) ಸಂಪರ್ಕ ಎಲ್ಲೋ ಕಡಿದಿದೆ. ಎಕ್ಸ್‌ಎಲ್‌ಆರ್‌ನ 1ನೇ ಪಿನ್ ಕೇಬಲ್‌ನ ಕವಚಕ್ಕೂ, ಅಲ್ಲಿಂದ ಮೈಕ್‌ನ ಮೈಗೂ ಸೇರಿರಬೇಕು. ಹಳೆಯ ಮೈಕ್‌ಗಳಲ್ಲಿ ಈ ಕೊನೆಯ ಸಂಪರ್ಕ ಒಂದು ಚಿಕ್ಕ ಸ್ಕ್ರೂ ಅಥವಾ ಸ್ಪ್ರಿಂಗ್‌ನಿಂದಾಗಿದ್ದು, ವರ್ಷಗಳ ಉಪ್ಪುಗಾಳಿಗೆ ಅದರ ಮೇಲೆ ಕಿಲುಬು ಕಟ್ಟಿರುತ್ತದೆ. ಮಲ್ಟಿಮೀಟರನ್ನು ಬೀಪ್ ಸದ್ದು ಮಾಡುವ ಸ್ಥಾನದಲ್ಲಿಟ್ಟು 1ನೇ ಪಿನ್ ಮತ್ತು ಮೈಕ್‌ನ ಮೈ ನಡುವೆ ಪರೀಕ್ಷಿಸಿ. ಬಣ್ಣದ ಮೇಲೆ ಒತ್ತಿದರೆ ಬೀಪ್ ಬಾರದು, ಬಣ್ಣವಿಲ್ಲದ ಜಾಗ ಹುಡುಕಬೇಕು.

ಕೇಬಲನ್ನು ಎರಡೂ ತುದಿಯಲ್ಲಿ ಪಿನ್‌ನಿಂದ ಪಿನ್‌ಗೆ ಪರೀಕ್ಷಿಸುವಾಗ ಸುಮ್ಮನೆ ನೆಲದ ಮೇಲೆ ಬಿಟ್ಟು ನೋಡಿದರೆ ಸಾಲದು. ಪ್ಲಗ್‌ನಿಂದ ನಾಲ್ಕು ಬೆರಳು ದೂರದವರೆಗಿನ ಭಾಗವನ್ನು ಬಗ್ಗಿಸುತ್ತ, ತಿರುಚುತ್ತ ನೋಡಿ. ತಂತಿ ಕಡಿಯುವುದು ಹೆಚ್ಚಾಗಿ ಅಲ್ಲಿಯೇ. 2 ಅಥವಾ 3ನೇ ತಂತಿಗಳಲ್ಲಿ ಒಂದು ಕಡಿದಿದ್ದರೆ ಧ್ವನಿ ತೆಳುವಾಗಿ, ಕುಗ್ಗಿ, ಜೊತೆಗೆ ಗುಂಯ್ ಸದ್ದೂ ಸೇರುತ್ತದೆ. ಎರಡು ತಂತಿಗಳಲ್ಲಿ ಸಮನಾಗಿ ಬರುವ ಹೊರಗಿನ ಗದ್ದಲವನ್ನು ಮಿಕ್ಸರ್ ಕಳೆದುಹಾಕುವ ವ್ಯವಸ್ಥೆಯೇ ಅಲ್ಲಿ ಕೆಟ್ಟಿರುತ್ತದೆ. ಎಸ್‌ಎಂ58ನಂಥ ಡೈನಮಿಕ್ ಮೈಕ್‌ನಲ್ಲಿ 2 ಮತ್ತು 3ರ ನಡುವೆ ಸಂಪರ್ಕ ಸಿಗಬೇಕು, ಆದರೆ ಇವೆರಡರಲ್ಲಿ ಯಾವುದೂ 1ನೇ ಪಿನ್‌ಗೆ ತಾಗಿರಬಾರದು. ರಿಬ್ಬನ್ ಮೈಕ್‌ಗೆ ಮಾತ್ರ ಈ ಓಮ್ ಪರೀಕ್ಷೆ ಬೇಡ, ಮೀಟರ್‌ನ ಕರೆಂಟಿಗೂ ಅದರ ತೆಳುಹಾಳೆ ಜಗ್ಗೀತು.

ನಮ್ಮ ಸಭಾಭವನಗಳಲ್ಲಿ ಇನ್ನೂ ಚಾಲ್ತಿಯಲ್ಲಿರುವ ಒಂದು ವ್ಯವಸ್ಥೆಯೆಂದರೆ, ಮೈಕ್ ಕಡೆ ಎಕ್ಸ್‌ಎಲ್‌ಆರ್, ಇನ್ನೊಂದು ಕಡೆ ದಪ್ಪ ಮೋನೋ ಜ್ಯಾಕ್ ಇರುವ ಉದ್ದದ ಕೇಬಲ್. ಗಂಟಲು ಬಿಟ್ಟು ಮಾತನಾಡುವ ಸಮಾರಂಭಕ್ಕೆ ಅದು ಸಾಕಾಗಬಹುದು. ಧ್ವನಿಮುದ್ರಣಕ್ಕೆ ಅದನ್ನು ಪಕ್ಕಕ್ಕಿಡಿ. ಅಂಥ ಕೇಬಲ್‌ನಲ್ಲಿ ಗದ್ದಲ ಕಳೆಯುವ ಎರಡನೇ ತಂತಿಯೇ ಇರುವುದಿಲ್ಲ.

ಮೈಕನ್ನು ಇದ್ದಲ್ಲೇ ತಿರುಗಿಸಿದಾಗ ಗುಂಯ್ ಸದ್ದು ಏರಿಳಿದರೆ ಅದು ಕಾಂತಕ್ಷೇತ್ರದ ಕಾಟ. ಆಂಪ್ಲಿಫೈಯರ್‌ನ ಅಥವಾ ಅಡಾಪ್ಟರ್‌ನ ಟ್ರಾನ್ಸ್‌ಫಾರ್ಮರ್ ಸಮೀಪದಲ್ಲಿರುತ್ತದೆ. ಡೈನಮಿಕ್ ಮೈಕ್‌ನ ಸುರುಳಿ ಅದನ್ನು ನೇರವಾಗಿ ಹಿಡಿಯುತ್ತದೆ. ಎರಡು ಮೀಟರ್ ದೂರ ಸರಿಸಿದರೆ ಸಾಮಾನ್ಯವಾಗಿ ಮುಗಿಯುತ್ತದೆ. ಮೈಕ್ ಕೇಬಲ್ ಕರೆಂಟಿನ ವೈರನ್ನು ದಾಟಲೇಬೇಕಾದರೆ ಅಡ್ಡಲಾಗಿ ದಾಟಲಿ, ಜೊತೆಜೊತೆಗೆ ಓಡುವುದು ಬೇಡ. ಲ್ಯಾಪ್‌ಟಾಪ್‌ನ ಚಾರ್ಜರ್ ಕಿತ್ತು ಬ್ಯಾಟರಿಯಲ್ಲಿ ನಡೆಸಿದಾಗ ಸದ್ದು ನಿಂತರೆ ಎರಡು ಕಡೆ ಅರ್ಥ್ ಆಗಿ ಸುತ್ತು ಕಟ್ಟಿಕೊಂಡಿದೆಯೆಂದು ಅರ್ಥ. ಆಗ ರೆಕಾರ್ಡರನ್ನು ಬ್ಯಾಟರಿಯಲ್ಲೇ ನಡೆಸಿ, ಅಥವಾ ಸಭಾಭವನದ ಮಿಕ್ಸರ್‌ನಿಂದ ಬರುವ ಲೈನಿಗೆ ಐಸೊಲೇಶನ್ ಟ್ರಾನ್ಸ್‌ಫಾರ್ಮರ್ ಹಾಕಿ. ಮೂರು ಪಿನ್‌ನ ಪ್ಲಗ್‌ನ ಅರ್ಥ್ ಪಿನ್ ಕಿತ್ತುಹಾಕುವ ಉಪಾಯವನ್ನು ಯಾರು ಹೇಳಿಕೊಟ್ಟರೂ ಕೇಳಬೇಡಿ. ಮಳೆನೀರು ತೊಟ್ಟಿಕ್ಕುವ ಚಪ್ಪರದಡಿ ಮೈಕ್ ಹಿಡಿದವರ ಜೀವಕ್ಕೆ ಆ ಪಿನ್ನೇ ಮುಖ್ಯ ರಕ್ಷಣೆ.

ಚಟಪಟ: ಮಳೆಗಾಲದ ಮುಖ್ಯ ರೋಗ

ಕಂಡೆನ್ಸರ್ ಮೈಕ್‌ನ ಹೃದಯವಾದ ಕ್ಯಾಪ್ಸೂಲ್ ಕೆಲವೇ ಹತ್ತು ಪಿಕೋಫ್ಯಾರಡ್‌ನ ಒಂದು ಕೆಪಾಸಿಟರ್. ಅದರ ಮೇಲಿನ ವಿದ್ಯುದಾವೇಶ ಸೋರದೆ ಉಳಿಯಲೆಂದು ಒಂದು ಗಿಗಾಓಮ್, ಅಂದರೆ ನೂರು ಕೋಟಿ ಓಮ್, ಮಟ್ಟದ ರೆಸಿಸ್ಟರ್ ಬಳಸಿರುತ್ತಾರೆ. ಅಷ್ಟು ದೊಡ್ಡ ತಡೆಯ ಮುಂದೆ, ನಿರೋಧಕದ ಅಂಚಿನಲ್ಲಿ ಕುಳಿತ ಕಣ್ಣಿಗೆ ಕಾಣದ ತೇವದ ಪದರವೂ ಒಳ್ಳೆಯ ವಾಹಕವೇ. ಆವೇಶ ಅಲ್ಲಿಂದ ತಡೆತಡೆದು ಸೋರಿದಾಗಲೆಲ್ಲ ಒಂದು ಚಟ್ ಸದ್ದು. ಹೊಸ ಮೈಕ್‌ನ ಶುಚಿಯಾದ ಕ್ಯಾಪ್ಸೂಲ್ ಇದನ್ನು ಬಹಳಮಟ್ಟಿಗೆ ತಡೆದುಕೊಳ್ಳುತ್ತದೆ. ವರ್ಷಗಟ್ಟಲೆ ಎಂಜಲಿನ ಹನಿ, ಧೂಪದ ಹೊಗೆ, ದೀಪದ ಮಸಿ ಕುಡಿದ ಹಳೆಯ ಕ್ಯಾಪ್ಸೂಲ್‌ನ ಮೇಲಿನ ಕೊಳೆಯೇ ತೇವವನ್ನು ಹೀರಿ ಹಿಡಿದುಕೊಳ್ಳುತ್ತದೆ.

ಗುರುತಿಸುವುದು ಸುಲಭ. ಎಸಿ ಹಾಕಿದ ಕಾರಿನಿಂದ ಇಳಿಸಿದ ಮೈಕನ್ನು ಹಸಿಗಾಳಿಯ ಸಭಾಭವನದಲ್ಲಿ ತೆರೆದ ಸ್ವಲ್ಪ ಹೊತ್ತಿನಲ್ಲೇ ಸದ್ದು ಶುರುವಾಗುತ್ತದೆ, ಏಕೆಂದರೆ ತಣ್ಣನೆಯ ಲೋಹದ ಮೇಲೆ ಗಾಳಿಯ ತೇವ ಹನಿಗಟ್ಟುತ್ತದೆ. ಬಾಯಿಗೆ ತೀರ ಹತ್ತಿರ ಹಿಡಿದಾಗ ಹೆಚ್ಚುತ್ತದೆ. ಫ್ಯಾಂಟಮ್ ಹಾಕಿ ಒಂದೆರಡು ಗಂಟೆ ಬಿಟ್ಟರೆ ತಾನಾಗಿ ಕಡಿಮೆಯಾಗುತ್ತದೆ. ಈ ಮೂರು ಲಕ್ಷಣಗಳಿದ್ದರೆ ಬೇರೆ ಕಾರಣ ಹುಡುಕುವ ಅಗತ್ಯವಿಲ್ಲ.

ಚಿಕಿತ್ಸೆ ನಿಧಾನದ್ದು. ಗಾಳಿಯಾಡದ ಡಬ್ಬಿಯಲ್ಲಿ ಎರಡು ಹಿಡಿ ಸಿಲಿಕಾ ಜೆಲ್ ಹಾಕಿ, ಅದರ ಧೂಳು ಮೈಕ್‌ಗೆ ತಾಗದಂತೆ ಬಟ್ಟೆಯ ಚೀಲದಲ್ಲಿ ಕಟ್ಟಿ, ಮೈಕನ್ನು ಒಂದಿಡೀ ದಿನ ಅದರೊಳಗಿಡಿ. ಬಣ್ಣ ಬದಲಾಗುವ ಜೆಲ್ ತಂದರೆ ಅದರ ಶಕ್ತಿ ಮುಗಿದದ್ದು ತಿಳಿಯುತ್ತದೆ. ನೀಲಿಯಿಂದ ಗುಲಾಬಿಗೆ ತಿರುಗುವ ಜೆಲ್‌ನಲ್ಲಿ ವಿಷಕಾರಿ ಕೋಬಾಲ್ಟ್ ಕ್ಲೋರೈಡ್ ಇರುವುದರಿಂದ ಕಿತ್ತಳೆ ಬಣ್ಣದ್ದೇ ಲೇಸು. ತೇವ ಹೀರಿದ ಜೆಲನ್ನು ಸುಮಾರು 110–120 ಡಿಗ್ರಿಯಲ್ಲಿ ಒಣಗಿಸಿ ಮತ್ತೆ ಬಳಸಬಹುದು. ಡಬ್ಬಿಯೊಳಗೊಂದು ಅಗ್ಗದ ತೇವಾಂಶ ಮಾಪಕ ಇಟ್ಟು, ಮಳೆಗಾಲದುದ್ದಕ್ಕೂ ಶೇ. 40–50ರ ನಡುವೆ ನಿಲ್ಲಿಸುವುದು ಗುರಿಯಾಗಲಿ. ಹೇರ್‌ಡ್ರೈಯರ್, ಬಿಸಿಲು, ಒಲೆಯ ಪಕ್ಕ, ಅಕ್ಕಿಯ ಡಬ್ಬಿ ಇವುಗಳಲ್ಲಿ ಯಾವುದೂ ಬೇಡ. ಕ್ಯಾಪ್ಸೂಲ್‌ನ ಕೆಲವೇ ಮೈಕ್ರಾನ್ ದಪ್ಪದ ಪ್ಲಾಸ್ಟಿಕ್ ಪೊರೆ ಬಿಸಿಗೆ ಸಡಿಲವಾಗುತ್ತದೆ, ಅಕ್ಕಿಯ ಹುಡಿ ಜಾಲರಿಯೊಳಗೆ ಹೊಕ್ಕರೆ ಹೊರಬರುವುದಿಲ್ಲ.

ಕಾರ್ಯಕ್ರಮದ ದಿನ ಮೈಕನ್ನು ಪೆಟ್ಟಿಗೆ ಮುಚ್ಚಿದ ಹಾಗೆಯೇ ಒಂದು ಗಂಟೆ ಮೊದಲು ಸಭಾಭವನಕ್ಕೆ ತಂದಿಡಿ. ಪೆಟ್ಟಿಗೆಯ ಒಳಗಿನ ಬಿಸಿ ಹೊರಗಿನದಕ್ಕೆ ಸಮನಾದ ಮೇಲೆ ತೆರೆಯಿರಿ, ಕೂಡಲೇ ಫ್ಯಾಂಟಮ್ ಹಾಕಿ, ಪ್ರಸಂಗ ಮುಗಿಯುವವರೆಗೆ ಆರಿಸಬೇಡಿ. ಚಹಾ ವಿರಾಮದಲ್ಲಿ ವಿದ್ಯುತ್ ಉಳಿಸಲು ಹೋಗಿ ಮೈಕ್ ತಣಿಸುವವರೂ ಇದ್ದಾರೆ! ಹಿಮ್ಮೇಳದವರು ಹಸಿಗಾಳಿಗೆ ಮದ್ದಳೆಯ ಮುಚ್ಚಿಗೆ (ಚರ್ಮದ ಹೊದಿಕೆ) ಇಳಿಯುವುದನ್ನು ಗಮನಿಸುತ್ತಲೇ ಇರುತ್ತಾರೆ. ಅವರು ಶ್ರುತಿ ಸರಿಪಡಿಸತೊಡಗಿದರೆ ನೀವೂ ಒಮ್ಮೆ ಹೆಡ್‌ಫೋನ್ ಹಾಕಿ ಕೇಳುವುದು ಒಳ್ಳೆಯದು.

ಒಣಗಿಸಿದ ಮೇಲೂ ಪದೇಪದೇ ಚಟಪಟ ಮರಳುತ್ತಿದ್ದರೆ ಕ್ಯಾಪ್ಸೂಲ್ ಕೊಳೆಯಾಗಿದೆ. ಅದರ ಪೊರೆಯನ್ನು ಮನೆಯಲ್ಲಿ ಒರೆಸುವುದು, ಊದುವುದು ಎರಡೂ ಅಪಾಯ. ಅನುಭವಿಯ ಕೈಗೆ ಕೊಡಬೇಕು. ಮಳೆಗಾಲದ ಹೊರಾಂಗಣ ಕೆಲಸವೇ ಹೆಚ್ಚಾಗಿರುವವರು ಹಳೆಯದರ ಮೇಲೆ ಖರ್ಚು ಮಾಡುವ ಬದಲು ಸೆನ್‌ಹೈಸರ್‌ನ ಎಂಕೆಎಚ್ ಸರಣಿಯಂಥ, ಅಧಿಕ ಆವರ್ತನದ ತತ್ತ್ವದಲ್ಲಿ ಕೆಲಸ ಮಾಡುವ ಮೈಕ್ ಆರಿಸುವುದುಂಟು. ಅವುಗಳ ಮಂಡಲದಲ್ಲಿ ಕ್ಯಾಪ್ಸೂಲ್ ಕಡಿಮೆ ತಡೆಯಲ್ಲಿ ಕೆಲಸ ಮಾಡುವುದರಿಂದ ತೇವಕ್ಕೆ ಅಷ್ಟಾಗಿ ಜಗ್ಗುವುದಿಲ್ಲ.

ಸಂಪರ್ಕ, ಫೋಮ್, ರಬ್ಬರ್

ಎಕ್ಸ್‌ಎಲ್‌ಆರ್ ಪಿನ್‌ಗಳು ಕಪ್ಪಾಗಿದ್ದರೆ, ಶೇ. 99ರ ಐಸೊಪ್ರೊಪೈಲ್ ಆಲ್ಕೋಹಾಲ್ ಅದ್ದಿದ ಹತ್ತಿಕಡ್ಡಿಯಿಂದ ಒಂದೊಂದಾಗಿ ಒರೆಸಿ. ಕಾಂಟ್ಯಾಕ್ಟ್ ಕ್ಲೀನರ್ ಬಳಸುವುದಾದರೆ ಕಡ್ಡಿಗೆ ಸಿಂಪಡಿಸಿ ಹಚ್ಚಿ, ಮೈಕ್‌ನೊಳಕ್ಕೆ ಎಂದೂ ಸಿಂಪಡಿಸಬೇಡಿ. ಎಕೆಜಿ ಸಿ451ರಂತೆ ಕ್ಯಾಪ್ಸೂಲನ್ನು ತಿರುಗಿಸಿ ಬಿಚ್ಚುವ ಮೈಕ್‌ಗಳಲ್ಲಿ ಆ ತಿರುಪಿನ ಅಂಚು ಮತ್ತು ನಡುವಿನ ಸ್ಪರ್ಶಬಿಂದು ಮಂಕಾಗಿ ಕರಕರ ಬರುವುದು ತೀರ ಸಾಮಾನ್ಯ. ಫ್ಯಾಂಟಮ್ ಆರಿಸಿ, ಕೆಲವು ನಿಮಿಷ ಬಿಟ್ಟು, ಕ್ಯಾಪ್ಸೂಲ್ ಬಿಚ್ಚಿ, ನೂಲು ಬಿಡದ ಬಟ್ಟೆಯಿಂದ ಒರೆಸಿ. ನಡುವಿನ ಬಿಂದುವಿನ ಸುತ್ತಲಿನ ನಿರೋಧಕವನ್ನು ಬೆರಳಿನಿಂದ ಮುಟ್ಟಬಾರದು, ಬೆವರಿನ ಉಪ್ಪು ಅಲ್ಲಿ ಹೊಸದೊಂದು ಸೋರಿಕೆಯ ದಾರಿ ಮಾಡುತ್ತದೆ. ಪ್ಯಾಡ್ (ಮಟ್ಟ ಇಳಿಸುವ) ಮತ್ತು ಲೋಕಟ್ (ಕೆಳಸ್ಥಾಯಿ ಕತ್ತರಿಸುವ) ಸ್ವಿಚ್‌ಗಳನ್ನು ಕರೆಂಟಿಲ್ಲದೆ ಹತ್ತಿಪ್ಪತ್ತು ಸಲ ಆಚೀಚೆ ಆಡಿಸಿದರೆ ಅವುಗಳ ಕಿಲುಬು ಬಿಡುತ್ತದೆ.

ಪೆನ್‌ಸೆಲ್ ಹಾಕುವ ಹಳೆಯ ಎಲೆಕ್ಟ್ರೆಟ್ ಮೈಕ್‌ಗಳಲ್ಲಿ (ಶಾಶ್ವತ ಆವೇಶ ಕೂರಿಸಿದ ಕಂಡೆನ್ಸರ್ ಬಗೆ) ಮೊದಲು ಸೆಲ್‌ನ ಕೋಣೆ ನೋಡಿ. ಸೋರಿದ ಸೆಲ್‌ನ ಹಸಿರು ಹುಡಿ ಅಲ್ಲಿದ್ದರೆ ಸದ್ದಿನ ಮೂಲ ಸಿಕ್ಕಿತು.

ಜಾಲರಿಯ ಒಳಗಿನ ಫೋಮ್ ವಯಸ್ಸಾದಂತೆ ಅಂಟಂಟಾಗಿ, ಆಮೇಲೆ ಹುಡಿಹುಡಿಯಾಗಿ ಉದುರುತ್ತದೆ. ಬೆರಳಿಗೆ ಒತ್ತಿದಾಗ ಪುಡಿಯಾದರೆ ತೊಳೆಯಲು ಹೋಗದೆ ಹೊಸದನ್ನು ಹಾಕಿ. ಗಟ್ಟಿಯಿದ್ದರೆ ಜಾಲರಿಯನ್ನು ಬಿಚ್ಚಿ ತೆಗೆದು, ಸೋಪಿನ ನೀರಿನಲ್ಲಿ ತೊಳೆದು, ಪೂರ್ತಿ ಒಣಗಿದ ಮೇಲೆ ಜೋಡಿಸಬಹುದು. ಡೈನಮಿಕ್ ಮೈಕ್‌ನ ಅಯಸ್ಕಾಂತ ಕಬ್ಬಿಣದ ಹುಡಿಯನ್ನು ಎಳೆದುಕೊಳ್ಳುವುದರಿಂದ ಅದನ್ನು ವೆಲ್ಡಿಂಗ್, ಗರಗಸದ ಕೆಲಸ ನಡೆಯುವಲ್ಲಿ ತೆರೆಯಬೇಡಿ.

ಕ್ಯಾಪ್ಸೂಲನ್ನು ಹಿಡಿದಿರುವ ರಬ್ಬರ್ ಗಟ್ಟಿಯಾದಾಗ ವೇದಿಕೆಯ ಅಲುಗಾಟವೆಲ್ಲ ಧಡ್ ಧಡ್ ಎಂದು ಮುದ್ರಣಕ್ಕೆ ಬರುತ್ತದೆ. ತಾಳಮದ್ದಳೆಯಲ್ಲಿ ಎಲ್ಲರೂ ಒಂದೇ ಹಲಗೆಯ ವೇದಿಕೆಯ ಮೇಲೆ ಕುಳಿತಿರುವುದರಿಂದ ಇದರ ಕಾಟ ಹೆಚ್ಚು. ರಬ್ಬರ್ ಬದಲಿಸುವವರೆಗೆ ಸ್ಟ್ಯಾಂಡ್‌ನ ಕೆಳಗೆ ಮಡಚಿದ ಕಂಬಳಿ ಹಾಕಿ, ಮಾತಿನ ಚಾನೆಲ್‌ಗಳಲ್ಲಿ 80 ಹರ್ಟ್ಸ್‌ನ ಕೆಳಗೆ ಕತ್ತರಿಸಿ.

ಫ್ಯಾಂಟಮ್ ಅಳೆಯುವುದು, ಒಳಗೆ ಇಳಿಯುವುದು

ನಾರ್ವೆಯ ಸಾರ್ವಜನಿಕ ರೇಡಿಯೊದ ಸ್ಟುಡಿಯೊಗಳಲ್ಲಿ ತುರ್ತುದೀಪಗಳಿಗೆಂದು 48 ವೋಲ್ಟ್ ಇದ್ದ ಕಾರಣ, 1966ರಲ್ಲಿ ನಾಯ್ಮನ್ ಕಂಪನಿ ತನ್ನ ಕೆಎಂ84 ಮೈಕನ್ನು ಅದಕ್ಕೆ ಹೊಂದಿಸಿಕೊಟ್ಟಿತು. ಇಂದಿನ ಫ್ಯಾಂಟಮ್‌ನ ಅಂಕಿ ಅಲ್ಲಿಂದ ಬಂದದ್ದು. ಅದನ್ನು ಪರೀಕ್ಷಿಸಲು ಮೈಕ್ ತೆಗೆದು, ಕೇಬಲ್‌ನ ಮೈಕ್ ಕಡೆಯ ತುದಿಯಲ್ಲಿ 1 ಮತ್ತು 2ರ ನಡುವೆ, ಆಮೇಲೆ 1 ಮತ್ತು 3ರ ನಡುವೆ ಡಿಸಿ ವೋಲ್ಟ್ ಅಳೆಯಿರಿ. ಎರಡೂ 44ರಿಂದ 52ರೊಳಗೆ, ಒಂದಕ್ಕೊಂದು ಸಮನಾಗಿರಬೇಕು. ಒಂದು ಕಡಿಮೆಯಿದ್ದರೆ ಮಿಕ್ಸರ್‌ನೊಳಗಿನ 6.8 ಕಿಲೋಓಮ್ ರೆಸಿಸ್ಟರ್‌ಗಳಲ್ಲಿ ಒಂದು ಕೆಟ್ಟಿರಬಹುದು. ಎರಡೂ ಕಡಿಮೆಯಿದ್ದರೆ ಯುಎಸ್‌ಬಿಯಿಂದ ನಡೆಯುವ ಸಣ್ಣ ಸಾಧನ ಮೈಕ್‌ಗೆ ಸಾಕಾಗುತ್ತಿಲ್ಲ. ಸಿನಿಮಾ ಕೆಲಸದಿಂದ ಬಂದ ಕೆಲವು ಹಳೆಯ ಮೈಕ್‌ಗಳು 12 ವೋಲ್ಟ್‌ನ ಟಿ-ಪವರ್ ಎಂಬ ಬೇರೆಯೇ ಪದ್ಧತಿಯವು. ನೋಡಲು ಒಂದೇ ತರಹದ ಎಕ್ಸ್‌ಎಲ್‌ಆರ್ ಇದ್ದರೂ ಅವಕ್ಕೆ 48 ವೋಲ್ಟ್ ಕೊಟ್ಟರೆ ಹಾನಿಯಾಗಬಹುದು.

ಇಷ್ಟೆಲ್ಲ ಸರಿಯಿದ್ದೂ ಸುಯ್ ಸದ್ದು ಉಳಿದರೆ, ಅದೇ ಮಾದರಿಯ ಚೆನ್ನಾಗಿರುವ ಮೈಕ್ ಪಕ್ಕದಲ್ಲಿಟ್ಟು ಒಬ್ಬರಿಂದ ಮಾತನಾಡಿಸಿ, ಮಾತಿನ ಮಟ್ಟ ಎರಡರಲ್ಲೂ ಸಮನಾಗುವಂತೆ ಗೇನ್ ಹೊಂದಿಸಿ, ಬಳಿಕ ಮೌನವನ್ನು ಹೋಲಿಸಿ. ಹಳೆಯದಕ್ಕೆ ಬಹಳ ಹೆಚ್ಚು ಗೇನ್ ಬೇಕಾಗಿದ್ದರೆ ಅದರ ಸಂವೇದನೆಯೇ ಕುಂದಿದೆ. ಎಲೆಕ್ಟ್ರೆಟ್ ಆಗಿದ್ದರೆ ಶಾಶ್ವತ ಆವೇಶ ವರ್ಷಗಳಲ್ಲಿ ಇಳಿದಿರುತ್ತದೆ, ಅದಕ್ಕೆ ಹೊಸ ಕ್ಯಾಪ್ಸೂಲ್ ಬಿಟ್ಟು ದಾರಿಯಿಲ್ಲ. ಗೇನ್ ಸಮನಿದ್ದು ಗದ್ದಲ ಮಾತ್ರ ಹೆಚ್ಚಿದ್ದರೆ ಒಣಗಿದ ಎಲೆಕ್ಟ್ರೊಲಿಟಿಕ್ ಕೆಪಾಸಿಟರ್, ಸೋರುವ ಎಫ್‌ಇಟಿ (ಮೈಕ್‌ನೊಳಗಿನ ಟ್ರಾನ್ಸಿಸ್ಟರ್) ಇವುಗಳ ಮೇಲೆ ಅನುಮಾನ. ಹೋಲಿಸುವಾಗ ಒಂದು ಮಾತು: ಚಿಕ್ಕ ಪೊರೆಯ ಕಂಡೆನ್ಸರ್‌ಗಳ ಸ್ವಂತ ಗದ್ದಲ ಹೊಸದಿದ್ದಾಗಲೇ 15–20 ಡೆಸಿಬೆಲ್ ಎ ಇರುತ್ತದೆ, ದೊಡ್ಡ ಪೊರೆಯವುಗಳದು ಅದಕ್ಕಿಂತ ಕಡಿಮೆ. ಜಾತಿಗುಣವನ್ನು ರೋಗವೆಂದು ಭಾವಿಸಿ ಹಣ ಸುರಿಯಬೇಡಿ.

ಒಳಗಿನ ಬೆಸುಗೆ ತಂತ್ರಜ್ಞರ ಕೆಲಸ. ಗಿಗಾಓಮ್ ರೆಸಿಸ್ಟರ್‌ನ ಸುತ್ತ ಫ್ಲಕ್ಸ್‌ನ ಜಿಡ್ಡು ಉಳಿದರೂ ಸಾಕು, ರಿಪೇರಿಯಾದ ಮೈಕ್ ಮೊದಲಿಗಿಂತ ಹೆಚ್ಚು ಸದ್ದು ಮಾಡುತ್ತದೆ. ವಾಲ್ವ್ ಮೈಕ್ ಆದರಂತೂ ಅದರ ಪವರ್ ಸಪ್ಲೈನಲ್ಲಿ ನೂರು ವೋಲ್ಟ್‌ಗೂ ಮೀರಿ ಇರುತ್ತದೆ, ಕೈ ಹಾಕಲೇಬೇಡಿ.

ಪ್ರಸಂಗದ ನಡುವೆ ಸದ್ದು ಎದ್ದರೆ

ಆಗ ರಿಪೇರಿಯ ಯೋಚನೆ ಬಿಡಿ. ಸುಯ್‌ಗುಟ್ಟುವ ಮೈಕನ್ನು ಭಾಗವತರು ಪದ್ಯ ಎತ್ತಿಕೊಂಡ ಹೊತ್ತಿನಲ್ಲಿ ಚೆಂಡೆಗೆ ದಾಟಿಸಿ, ಅಲ್ಲಿದ್ದ ಒಳ್ಳೆಯ ಮೈಕನ್ನು ಅರ್ಥಧಾರಿಗೆ ಕೊಡಿ. ಚೆಂಡೆಯ ಅಬ್ಬರಕ್ಕೆ ಗೇನ್ ಅಷ್ಟು ಕೆಳಗಿರುತ್ತದೆಂದರೆ ಆ ಸದ್ದು ಯಾರಿಗೂ ಕೇಳದು. ಚಟಪಟ ಎನ್ನುವುದನ್ನು ಮಾತ್ರ ಎಲ್ಲಿಗೂ ದಾಟಿಸದೆ ತೆಗೆದಿಡಿ. ಒಂದೇ ಸಮನೆ ಬರುವ ಸುಯ್, ಗುಂಯ್ ಸದ್ದುಗಳನ್ನು ಆಮೇಲೆ ಸಾಫ್ಟ್‌ವೇರ್‌ನಲ್ಲಿ ತಕ್ಕಮಟ್ಟಿಗೆ ಇಳಿಸಬಹುದು, ಅದಕ್ಕಾಗಿ ಕಾರ್ಯಕ್ರಮಕ್ಕೆ ಮೊದಲು ಅರ್ಧ ನಿಮಿಷದ ಖಾಲಿ ಸದ್ದನ್ನು ಮುದ್ರಿಸಿಟ್ಟಿರಬೇಕು. ಆದರೆ ಮಾತಿನ ಮೇಲೆ ಬಿದ್ದ ಚಟಪಟವನ್ನು ಮಾತು ಕೆಡದಂತೆ ಪೂರ್ತಿ ತೆಗೆಯುವುದು ತೀರ ಕಷ್ಟ.

ಮೈಕನ್ನು ತಂತ್ರಜ್ಞರಿಗೆ ಕೊಡುವಾಗ ಕಪಾಟಿನೊಳಗೆ ಮುದ್ರಿಸಿದ ಆ ಎರಡು ನಿಮಿಷದ ಕಡತವನ್ನೂ ಕೊಡಿ. ಯಾವ ಗೇನ್, ಯಾವ ಮಿಕ್ಸರ್, ಒಣ ದಿನವೋ ಮಳೆಯ ದಿನವೋ, ಎಷ್ಟು ಹೊತ್ತಿನ ನಂತರ ಸದ್ದು ಶುರುವಾಗುತ್ತದೆ, ಯಾವುದನ್ನು ಬದಲಿಸಿದಾಗ ಏನಾಯಿತು ಎಂಬುದನ್ನು ಒಂದು ಚೀಟಿಯಲ್ಲಿ ಬರೆದು ಪೆಟ್ಟಿಗೆಯೊಳಗೆ ಹಾಕಿ. ಮಳೆಗಾಲದ ಮೈಕ್ ಬೇಸಿಗೆಯಲ್ಲಿ ಅವರ ಮೇಜಿಗೆ ಹೋದಾಗ ಒಂದು ಸದ್ದೂ ಮಾಡುವುದಿಲ್ಲ. ಆಗ ಅವರಿಗೆ ಆಧಾರವಾಗಿ ಇರುವುದು ಆ ಕಡತ ಮತ್ತು ಆ ಚೀಟಿ ಮಾತ್ರ.